ಸರ್ವೈವಲ್ ಶೋ ತಯಾರಿಸುವವರಿಗೆ ಒಂದು ಬಹಿರಂಗ ಪತ್ರ

ಕಾಡು, ಮರುಭೂಮಿ, ಹಿಮದ ನಡುವೆ ಬದುಕುಳಿಯುವುದು ಹೇಗೆ ಎಂದು ಟಿವಿಯಲ್ಲಿ ಕಲಿಸುವ ನಿರ್ಮಾಪಕರಿಗೆ, ನಿರೂಪಕರಿಗೆ ಮತ್ತು ಚಾನೆಲ್‌ನವರಿಗೆ,

ನಮಸ್ಕಾರ.

ನಿಮ್ಮ ನಿರೂಪಕ ಕಡಿದಾದ ಬಂಡೆ ಹತ್ತುತ್ತಾನೆ. ಬೆರಳು ಜಾರುತ್ತದೆ, ಕಲ್ಲು ಉರುಳುತ್ತದೆ, ಹಿನ್ನೆಲೆಯಲ್ಲಿ ಎದೆ ನಡುಗಿಸುವ ಸಂಗೀತ. ಅಷ್ಟರಲ್ಲಿ ಅವನ ಮುಖವನ್ನು ಮೇಲಿನಿಂದ ತೋರಿಸುತ್ತೀರಿ. ಅಂದರೆ ಕ್ಯಾಮೆರಾಮನ್ ಅವನಿಗಿಂತ ಮೊದಲೇ ಮೇಲೆ ಹೋಗಿ ಕೂತಿದ್ದಾನೆ, ಅಲ್ವಾ? ಅದೂ ಅಷ್ಟು ಭಾರದ ಕ್ಯಾಮೆರಾ ಹೊತ್ತುಕೊಂಡು. ಇವರಿಬ್ಬರಲ್ಲಿ ನಿಜವಾದ ಸಾಹಸಿ ಯಾರು ಎಂದು ನನಗೆ ಪ್ರತಿ ಸಲ ಅನುಮಾನ ಬರುತ್ತದೆ.

ತಮಾಷೆ ಇರಲಿ. ನಾನು ಇಂಥ ಕಾರ್ಯಕ್ರಮಗಳ ಹಳೆಯ ಪ್ರೇಕ್ಷಕ, ಈಗಲೂ ನೋಡುತ್ತೇನೆ. ಟಿವಿ ಎಂದ ಮೇಲೆ ಸ್ವಲ್ಪ ನಾಟಕ ಇದ್ದೇ ಇರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾಡಿನಲ್ಲಿ ಸಿಕ್ಕಿಹಾಕಿಕೊಂಡವರು ಮೊದಲು ಏನು ಮಾಡಬೇಕು, ಆಮೇಲೆ ಏನು ಎಂಬ ಕ್ರಮವನ್ನೇ ನೀವು ತಲೆಕೆಳಗು ಮಾಡಿದ್ದೀರಿ. ಕೂರಬೇಕಾದ ಕಡೆ ಓಡುವುದನ್ನು ಕಲಿಸುತ್ತೀರಿ. ಮೈ ಒಣಗಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಹೊಳೆಗೆ ಹಾರಿಸುತ್ತೀರಿ. ಇದನ್ನು ನೋಡುವ ಲಕ್ಷಾಂತರ ಜನರಲ್ಲಿ ಯಾರೋ ಒಬ್ಬರು ಒಂದು ದಿನ ನಿಜವಾಗಿ ದಾರಿ ತಪ್ಪುತ್ತಾರೆ. ಆಗ ಅವರ ತಲೆಯಲ್ಲಿ ಇರುವುದು ನೀವು ತೋರಿಸಿದ ಚಿತ್ರವೇ.

2007ರಲ್ಲಿ ಬೇರ್ ಗ್ರಿಲ್ಸ್ ಅವರ 'ಮ್ಯಾನ್ ವರ್ಸಸ್ ವೈಲ್ಡ್' ಬಗ್ಗೆ ದೊಡ್ಡ ಗದ್ದಲ ಎದ್ದಿತ್ತು. ಒಂಟಿಯಾಗಿ ಸಿಕ್ಕಿಬಿದ್ದಂತೆ ತೋರಿಸಿದ ಕೆಲವು ಕಂತುಗಳ ಚಿತ್ರೀಕರಣದಲ್ಲಿ ಅವರು ರಾತ್ರಿ ಹೋಟೆಲಿನಲ್ಲಿ ಮಲಗಿದ್ದರು ಎಂಬ ವಿಷಯ ಹೊರಬಂತು. ಆಮೇಲೆ ಕೆಲವು ಕಂತುಗಳನ್ನು ಮತ್ತೆ ಎಡಿಟ್ ಮಾಡಿದರು. ನಿರೂಪಕರಿಗೆ ತಂಡದ ನೆರವು ಇರುತ್ತದೆ, ಕೆಲವು ಸನ್ನಿವೇಶಗಳನ್ನು ಮೊದಲೇ ಸಿದ್ಧ ಮಾಡಿರುತ್ತಾರೆ ಎಂಬ ಸೂಚನೆಯೂ ಬಂತು. ಒಳ್ಳೆಯದೇ ಆಯಿತು. ಆದರೆ ಚರ್ಚೆಯೆಲ್ಲ 'ಅವರು ಎಲ್ಲಿ ಮಲಗಿದ್ದರು' ಎಂಬುದರ ಸುತ್ತಲೇ ಸುತ್ತಿತು. ಎಲ್ಲಿ ಬೇಕಾದರೂ ಮಲಗಲಿ ಬಿಡಿ. ತಂಡದವರು ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಸರಿಯಾದ ಪಾಠ ಹೇಳಿಕೊಟ್ಟರೆ ನನಗೆ ಅಷ್ಟೇ ಸಾಕು. ಹೇಳಿಕೊಟ್ಟ ಪಾಠ ಕೆಲಸಕ್ಕೆ ಬರುತ್ತದಾ ಎಂದು ಕೇಳಿದವರು ಮಾತ್ರ ಕಡಿಮೆ.

ಚಳಿಯಿಂದ ಶುರು ಮಾಡುತ್ತೇನೆ, ಏಕೆಂದರೆ ನೀವು ಅತಿ ಕಡಿಮೆ ತೋರಿಸುವುದು ಅದನ್ನೇ. ಬದುಕುಳಿಯುವ ತರಬೇತಿ ಕೊಡುವವರು ಹೇಳುವ ಒಂದು ಅಂದಾಜಿನ ಲೆಕ್ಕ ನಿಮಗೂ ಗೊತ್ತಿರುತ್ತದೆ. ಉಸಿರಾಡಲು ಗಾಳಿ ಇಲ್ಲದೆ 3 ನಿಮಿಷ, ಕೆಟ್ಟ ಹವೆಯಲ್ಲಿ ಆಸರೆ ಇಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಊಟವಿಲ್ಲದೆ 3 ವಾರ. ನೆನಪಿಡಲು ಸುಲಭ ಆಗಲಿ ಎಂದು ಮಾಡಿದ ಸೂತ್ರ ಇದು, ಗಡಿಯಾರ ಹಿಡಿದು ಅಳೆದದ್ದೇನೂ ಅಲ್ಲ. ಆದರೂ ಕ್ರಮ ಸರಿಯಾಗಿದೆ. ಊಟ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ನಿಮ್ಮ ಕಾರ್ಯಕ್ರಮದಲ್ಲಿ ಮೊದಲ ಜಾಹೀರಾತು ಬರುವುದಕ್ಕೂ ಮುಂಚೆ ನಿರೂಪಕ ಒಂದು ಹುಳ ನುಂಗಿ, ಒಂದು ಮೀನನ್ನು ಹಸಿಯಾಗಿ ಕಚ್ಚಿ ಮುಗಿಸಿರುತ್ತಾನೆ. ದಾರಿ ತಪ್ಪಿದ ಚಾರಣಿಗರಲ್ಲಿ ಹೆಚ್ಚಿನವರು ಒಂದೆರಡು ದಿನದೊಳಗೆ ಸಿಗುತ್ತಾರೆ. ಅಷ್ಟು ದಿನ ಏನೂ ತಿನ್ನದಿದ್ದರೆ ಹಸಿವಾಗುತ್ತದೆ, ತಲೆ ನೋಯುತ್ತದೆ, ಸಿಟ್ಟು ಬರುತ್ತದೆ. ಜೀವ ಹೋಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒಂದು ರಾತ್ರಿ ಕಳೆದರೆ ಹೋಗಬಹುದು.

ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದು ಹೈಪೋಥರ್ಮಿಯಾ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಮಳೆ, ಗಾಳಿ, ಸುಸ್ತು ಮೂರೂ ಸೇರಿದರೆ 10 ಡಿಗ್ರಿಯ ಹವೆಯಲ್ಲೂ ಬರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಮೊದಲು ಜೋರು ನಡುಕ. ಆಮೇಲೆ ಮಾತು ತೊದಲುತ್ತದೆ, ಕೈಯಿಂದ ವಸ್ತುಗಳು ಜಾರುತ್ತವೆ, ಕಾಲು ಎಡವುತ್ತದೆ, ಯೋಚನೆ ಮಂಕಾಗುತ್ತದೆ. ನಡುಕ ನಿಂತಿತು ಎಂದರೆ ಹುಷಾರಾದರು ಎಂದುಕೊಳ್ಳುವವರಿದ್ದಾರೆ. ಮೈ ಬೆಚ್ಚಗಾಗದೆ ನಡುಕ ನಿಂತಿದ್ದರೆ ಪರಿಸ್ಥಿತಿ ಕೈಮೀರುತ್ತಿದೆ ಎಂದು ಅರ್ಥ. ಕೊನೆಯ ಹಂತದಲ್ಲಿ ಕೆಲವರಿಗೆ ಮೈಯೆಲ್ಲ ಉರಿದ ಹಾಗಾಗಿ ಬಟ್ಟೆ ಕಿತ್ತು ಎಸೆಯುತ್ತಾರೆ. ಚಳಿಗೆ ಸತ್ತವರು ಬಟ್ಟೆ ಇಲ್ಲದೆ ಸಿಕ್ಕ ಪ್ರಕರಣಗಳು ಇದಕ್ಕೇ ವೈದ್ಯರಿಗೆ ಹೊಸದಲ್ಲ.

ಹೀಗಿರುವಾಗ ನಿಮ್ಮ ನಿರೂಪಕ ಹೊಳೆ ಕಂಡ ಕೂಡಲೇ ಧುಮುಕುತ್ತಾನೆ. ಆಚೆ ದಡ ಹತ್ತಿ, ನಡುಗುತ್ತಾ ಎರಡು ಮಾತಾಡಿ ಮುಂದೆ ಹೋಗುತ್ತಾನೆ. ಮುಂದಿನ ದೃಶ್ಯದಲ್ಲಿ ಅವನ ಬಟ್ಟೆ ಒಣಗಿರುತ್ತದೆ! ಈ ಎರಡು ದೃಶ್ಯಗಳ ನಡುವೆ ಏನಾಯಿತು? ನಿಜವಾದ ಪಾಠ ಇರುವುದು ಅಲ್ಲೇ, ಅದನ್ನೇ ನೀವು ಕತ್ತರಿಸಿ ಬಿಟ್ಟಿದ್ದೀರಿ.

ನೀವು ಕಟ್ಟಿಸುವ ಗುಡಿಸಲು ಕೂಡ ಹಾಗೇ. ಕ್ಯಾಮೆರಾ ಒಳಗೆ ಹೋಗಬೇಕಲ್ಲ, ಅದಕ್ಕೆ ದೊಡ್ಡದಾಗಿ ಇರುತ್ತದೆ. ಬೆಂಕಿ ಇಲ್ಲದ ಆಸರೆಯಲ್ಲಿ ಬಿಸಿ ಕೊಡುವುದು ಒಳಗೆ ಮಲಗಿದವರ ಮೈ ಮಾತ್ರ. ಒಬ್ಬರು ಮುದುಡಿ ಮಲಗುವಷ್ಟೇ ಜಾಗ ಇದ್ದರೆ ಆ ಬಿಸಿ ನಿಲ್ಲುತ್ತದೆ. ಅದಕ್ಕಿಂತ ಮುಖ್ಯ, ಕೆಳಗೆ ಹಾಸುವುದು. ತಣ್ಣನೆಯ ನೆಲ ರಾತ್ರಿಯಿಡೀ ಶಾಖ ಹೀರುತ್ತದೆ. ಒಣ ತರಗೆಲೆ, ಒಣ ಹುಲ್ಲು ಏನು ಸಿಕ್ಕರೂ ಒಂದು ಮೊಳ ದಪ್ಪ ಹಾಸಿಕೊಳ್ಳಬೇಕು. ಮಲಗಿದಾಗ ಅದು ಒತ್ತಿ ಅರ್ಧಕ್ಕರ್ಧ ಕುಗ್ಗುತ್ತದೆ. ಜಾಕೆಟ್ಟಿನ ಒಳಗೂ ಒಣ ಎಲೆ ತುರುಕಿಕೊಳ್ಳಬಹುದು, ಚುಚ್ಚುತ್ತದೆ ನಿಜ, ಆದರೆ ಬೆಚ್ಚಗಿರುತ್ತದೆ. ಬ್ಯಾಗಿನಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಕಸದ ಚೀಲ ಇದ್ದರೆ, ಮುಖ ಹೊರಗೆ ಇರುವಷ್ಟು ತೂತು ಮಾಡಿ ಅದರೊಳಗೆ ಇಳಿದು ಕೂರಬಹುದು. ಮಳೆ, ಗಾಳಿ ಎರಡಕ್ಕೂ ಅಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಕಸದ ಚೀಲದೊಳಗೆ ಕೂತ ನಾಯಕನನ್ನು ಪೋಸ್ಟರಿನಲ್ಲಿ ಹಾಕಲು ನಿಮಗೆ ಕಷ್ಟ, ಅದು ನನಗೆ ಅರ್ಥವಾಗುತ್ತದೆ.

ಹಿಮ ತಿನ್ನುವುದನ್ನೂ ತೋರಿಸುತ್ತೀರಿ. ಸೊನ್ನೆ ಡಿಗ್ರಿಯ ಒಂದು ಕಿಲೋ ಹಿಮ ಕರಗಿ ಮೈಯ ಬಿಸಿಗೆ ಬರಲು ಸುಮಾರು 117 ಕಿಲೋ ಕ್ಯಾಲೊರಿ ಶಾಖ ಬೇಕು. ಅದನ್ನು ಕೊಡಬೇಕಾದದ್ದು ಮೊದಲೇ ಚಳಿಯಲ್ಲಿ ಸೊರಗಿದ ದೇಹ. ಕರಗಿಸಿ ಕುಡಿಯಿರಿ ಎಂದು ಒಂದು ಸಾಲು ಹೇಳಲು ಎಷ್ಟು ಹೊತ್ತು ಬೇಕು?

ಇನ್ನು ಬೆಂಕಿ. ಬಾಗಿದ ಕೋಲಿಗೆ ಹಗ್ಗ ಕಟ್ಟಿ, ಅದರಿಂದ ಇನ್ನೊಂದು ಕೋಲನ್ನು ಗರಗರ ತಿರುಗಿಸಿ, ಕೆಳಗಿನ ಹಲಗೆಯಲ್ಲಿ ಕೆಂಡ ಹುಟ್ಟಿಸುವ ದೃಶ್ಯ ಎಲ್ಲ ಕಾರ್ಯಕ್ರಮಗಳಲ್ಲೂ ಇರುತ್ತದೆ. ಅದು ಸುಳ್ಳೇನೂ ಅಲ್ಲ. ಮನುಷ್ಯರು ಸಾವಿರಾರು ವರ್ಷ ಹಾಗೆ ಬೆಂಕಿ ಮಾಡಿದ್ದಾರೆ, ಇವತ್ತಿಗೂ ಮಾಡಬಲ್ಲವರಿದ್ದಾರೆ. ಆದರೆ ಅದಕ್ಕೆ ಸರಿಯಾದ ಜಾತಿಯ, ಚೆನ್ನಾಗಿ ಒಣಗಿದ ಮರ ಬೇಕು. ನಾರು, ಒಣಹುಲ್ಲಿನ ಉಂಡೆ ಮೊದಲೇ ಸಿದ್ಧ ಇರಬೇಕು. ತಿರುಗಿಸುವ ವೇಗ, ಒತ್ತುವ ಭಾರ ಎರಡೂ ಕೈಗೆ ರೂಢಿಯಾಗಿರಬೇಕು. ಉದುರಿದ ಪುಡಿ ಕಪ್ಪಾಗಿ, ಹೊಗೆಯಾಡಿ, ತಾನೇ ಕೆಂಡವಾಗಿ ನಿಲ್ಲುವವರೆಗೆ ಬಿಡುವಂತಿಲ್ಲ. ಮಳೆ ಬಂದ ಮೇಲೆ, ಕತ್ತಲಲ್ಲಿ, ಮರಗಟ್ಟಿದ ಬೆರಳಿನಿಂದ ಮೊದಲ ಸಲ ಪ್ರಯತ್ನಿಸಿದವರಿಗೆ ಬರುವುದು ಬೆವರು ಮಾತ್ರ. ಬೆವರಿದರೆ ಬಟ್ಟೆ ಒದ್ದೆ. ಮೇಲೆ ಹೇಳಿದ ಕತೆ ಮತ್ತೆ ಶುರು.

ಇದನ್ನು ಚೆನ್ನಾಗಿ ಬಲ್ಲವರು ಏನು ಮಾಡುತ್ತಾರೆ ಗೊತ್ತಾ? ಜೇಬಿನಲ್ಲಿ ಒಂದು ಲೈಟರ್, ಬ್ಯಾಗಿನಲ್ಲಿ ಇನ್ನೊಂದು ಇಟ್ಟುಕೊಂಡು ಹೋಗುತ್ತಾರೆ. ಕಾಡಿನಲ್ಲಿ ಒಬ್ಬೊಬ್ಬರೇ ಎಷ್ಟು ದಿನ ಉಳಿಯಬಲ್ಲರು ಎಂದು ಪಂದ್ಯ ಕಟ್ಟುವ 'ಅಲೋನ್' ಎಂಬ ಸರಣಿಯಲ್ಲಿ ಸ್ಪರ್ಧಿಗಳು ಕೊಟ್ಟ ಪಟ್ಟಿಯಿಂದ ತಮಗೆ ಬೇಕಾದ 10 ವಸ್ತುಗಳನ್ನು ಆರಿಸಿಕೊಳ್ಳಬಹುದು. ಅವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಕಾಡಿನಲ್ಲಿ ಕಳೆದವರು, ಕೋಲು ತಿರುಗಿಸಿ ಬೆಂಕಿ ಮಾಡಬಲ್ಲವರು. ಆದರೂ ಹೆಚ್ಚುಕಡಿಮೆ ಎಲ್ಲರೂ ಕೆರೆದರೆ ಕಿಡಿ ಹೊಡೆಯುವ ಲೋಹದ ಕಡ್ಡಿಯನ್ನು (ಫೆರೋ ರಾಡ್) ಬಿಡದೆ ಆರಿಸಿಕೊಳ್ಳುತ್ತಾರೆ. ನಿಮ್ಮ ಪ್ರೇಕ್ಷಕರಿಗೆ ಹೇಳಬೇಕಾದ ಸುದ್ದಿ ಇದು.

ನೀರಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮೂತ್ರ ಕುಡಿಯುವ ದೃಶ್ಯ ಎಷ್ಟು ಪ್ರಸಿದ್ಧವಾಯಿತೆಂದರೆ, ಸರ್ವೈವಲ್ ಎಂದರೆ ಅದೇ ಎಂದು ತಿಳಿದವರಿದ್ದಾರೆ. ನೀರಿನ ಕೊರತೆಯಾದಾಗ ಮೂತ್ರಪಿಂಡ ನೀರನ್ನು ಉಳಿಸಿಕೊಂಡು, ಬೇಡದ ಉಪ್ಪು, ಯೂರಿಯಾಗಳನ್ನು ಗಟ್ಟಿ ಮಾಡಿ ಹೊರಗೆ ಕಳಿಸುತ್ತದೆ. ಅದನ್ನೇ ಮತ್ತೆ ಒಳಗೆ ಹಾಕಿದರೆ ಆ ಕೆಲಸವನ್ನು ಇನ್ನೂ ಕಡಿಮೆ ನೀರಿನಲ್ಲಿ ಮತ್ತೆ ಮಾಡಬೇಕು. ಅಮೆರಿಕದ ಸೇನೆಯ ಸರ್ವೈವಲ್ ಕೈಪಿಡಿಯಲ್ಲೇ ನೀರಿಗೆ ಬದಲಾಗಿ ಕುಡಿಯಬಾರದವುಗಳ ಪಟ್ಟಿಯಿದೆ: ಮದ್ಯ, ಮೂತ್ರ, ರಕ್ತ, ಸಮುದ್ರದ ನೀರು. ಕಳ್ಳಿಯ ತಿರುಳು ಹಿಂಡಿ ಕುಡಿಯುವ ದೃಶ್ಯವೂ ಹಾಗೇ. ಹೆಚ್ಚಿನ ಕಳ್ಳಿಗಳ ರಸದಲ್ಲಿ ಆಕ್ಸಾಲಿಕ್ ಆಮ್ಲ, ಆಲ್ಕಲಾಯ್ಡುಗಳು ಇರುತ್ತವೆ. ಅವುಗಳಿಂದ ವಾಂತಿಯಾದರೆ ಕುಡಿದದ್ದಕ್ಕಿಂತ ಜಾಸ್ತಿ ನೀರು ಹೊರಗೆ ಹೋಗುತ್ತದೆ. ನೆಲ ತೋಡಿ, ಪ್ಲಾಸ್ಟಿಕ್ ಹೊದಿಸಿ, ಬಿಸಿಲಿನಿಂದ ಹನಿ ಹನಿ ನೀರು ಹಿಡಿಯುವ ಉಪಾಯ ನೋಡಲು ಬಹಳ ಜಾಣತನದ್ದು. ಬಿಸಿಲಿನಲ್ಲಿ ಗುಂಡಿ ತೋಡಿದವರ ಬೆವರನ್ನು ಲೆಕ್ಕಕ್ಕೆ ಹಿಡಿದರೆ ಹಲವು ಕಡೆ ಅದು ನಷ್ಟದ ವ್ಯಾಪಾರ.

ಬೆಟ್ಟದ ತೊರೆಗೆ ಬಾಯಿ ಇಟ್ಟು ಕುಡಿಯುವ ದೃಶ್ಯದ ಬಗ್ಗೆ ಬೇರೆಯೇ ಹೇಳಬೇಕು. ಅದು ಅಪಾಯ ಎಂದು ಯಾರಿಗೂ ಅನ್ನಿಸುವುದೇ ಇಲ್ಲ. ತಿಳಿಯಾಗಿ ಹರಿಯುವ ನೀರಿನಲ್ಲೂ ಜಿಯಾರ್ಡಿಯಾ ಎಂಬ ಪರಾವಲಂಬಿ ಇರಬಹುದು. ಅದರ ಕಾಟ ಶುರುವಾಗುವುದು ಸಾಮಾನ್ಯವಾಗಿ ಒಂದೆರಡು ವಾರದ ಮೇಲೆ. ಅಷ್ಟರಲ್ಲಿ ಚಿತ್ರೀಕರಣ ಮುಗಿದು ಎಲ್ಲರೂ ಮನೆ ಸೇರಿರುತ್ತಾರೆ. ಹೊಟ್ಟೆ ಹಿಡಿದುಕೊಂಡು ಓಡುವ ನಿರೂಪಕನನ್ನು ನಾವು ನೋಡುವುದಿಲ್ಲ. ನೀರನ್ನು ಒಂದು ನಿಮಿಷ ಕುದಿಸಬೇಕು, ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ. ಕುದಿಸಲು ಏನೂ ಇಲ್ಲ, ಬಾಯಾರಿಕೆಯಿಂದ ಜೀವ ಹೋಗುವ ಸ್ಥಿತಿ ಬಂದಿದೆ ಎಂದರೆ ಸಿಕ್ಕ ನೀರನ್ನು ಕುಡಿಯುವುದೇ ಸರಿ. ಭೇದಿಗೆ ಆಮೇಲೆ ಔಷಧಿ ಇದೆ. ಈ ಲೆಕ್ಕಾಚಾರವನ್ನು ಬಾಯಿಬಿಟ್ಟು ಹೇಳಿದರೆ ನಿಮ್ಮ ನಿರೂಪಕ ಇನ್ನೂ ಜಾಣನಾಗಿ ಕಾಣುತ್ತಾನೆ. ಹಾಗೆಯೇ ಬಾಟಲಿಯಲ್ಲಿ ನೀರು ಉಳಿಸಿಕೊಂಡು ಬಾಯಾರಿ ನಡೆಯುವುದೂ ದಡ್ಡತನ. ಉಳಿಸಬೇಕಾದದ್ದು ಬೆವರನ್ನು. ಅದಕ್ಕೆ ಬಿಸಿಲು ಇಳಿಯುವವರೆಗೆ ನೆರಳಿನಲ್ಲಿ ಸುಮ್ನೆ ಕೂರಬೇಕು.

ಹಸಿ ಹುಳ, ಬಸವನಹುಳು ತಿನ್ನುವ ದೃಶ್ಯಗಳನ್ನು ನೋಡಿ ಮಕ್ಕಳು ನಗುತ್ತಾರೆ, ಗೆಳೆಯರು ಪಂಥ ಕಟ್ಟುತ್ತಾರೆ. 2010ರಲ್ಲಿ ಆಸ್ಟ್ರೇಲಿಯಾದ ಯುವಕನೊಬ್ಬ ಗೆಳೆಯರ ನಡುವಿನ ಪಂಥಕ್ಕೆ ಒಂದು ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ನುಂಗಿದ. ಅದರಲ್ಲಿ ಇಲಿಗಳಿಂದ ಬರುವ ಒಂದು ಪರಾವಲಂಬಿ ಹುಳು ಇತ್ತು. ಅದು ಮೆದುಳಿಗೆ ಸೋಂಕು ತಂದಿತು. ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಕೋಮಾದಲ್ಲಿದ್ದ, ಆಮೇಲೆ ಪಾರ್ಶ್ವವಾಯುವಿನಿಂದ ನರಳಿ 2018ರಲ್ಲಿ ತೀರಿಕೊಂಡ. ಅವನು ಯಾವುದೋ ಟಿವಿ ಕಾರ್ಯಕ್ರಮ ನೋಡಿ ಹಾಗೆ ಮಾಡಿದ ಎಂದು ನಾನು ಹೇಳುತ್ತಿಲ್ಲ. ಹಸಿಯಾಗಿ ನುಂಗುವುದು ಬರೀ ಅಸಹ್ಯ, ಅಪಾಯವೇನಿಲ್ಲ ಎಂಬ ಭಾವನೆ ಹರಡುವುದರಲ್ಲಿ ನಿಮ್ಮ ಪಾಲಿಲ್ಲ ಎನ್ನಲು ಆಗುತ್ತದಾ? ಬೇಯಿಸುವುದನ್ನು ತೋರಿಸಿದರೆ ದೃಶ್ಯದ ಖಾರ ಹೋಗುತ್ತದೆ, ಅಷ್ಟೇ ತಾನೇ.

ಹಾವಿನ ಮಾತು ಇನ್ನೂ ಗಂಭೀರ. ಕಡಿದ ಜಾಗವನ್ನು ಕುಯ್ದು, ಬಾಯಿಂದ ವಿಷ ಹೀರಿ ಉಗುಳುವುದು ಸಿನಿಮಾದಿಂದ ನಿಮ್ಮಲ್ಲಿಗೂ ಬಂದಿದೆ. ವಿಷ ಅಷ್ಟರಲ್ಲಿ ಮಾಂಸದೊಳಗೆ ಹರಡಿರುತ್ತದೆ. ವಿಷ ಹೀರಲೆಂದೇ ಮಾಡಿದ ಪಂಪುಗಳನ್ನು ಪರೀಕ್ಷಿಸಿದಾಗಲೂ ಹೊರಬಂದದ್ದು ಲೆಕ್ಕಕ್ಕಿಲ್ಲದಷ್ಟು. ಕುಯ್ದರೆ ರಕ್ತ ಹೋಗುತ್ತದೆ, ಗಾಯ ಕೊಳೆಯುತ್ತದೆ. ಬಿಗಿಯಾಗಿ ಹಗ್ಗ ಕಟ್ಟಿದರೆ ರಕ್ತ ಓಡಾಡದೆ ಆ ಕೈ ಅಥವಾ ಕಾಲೇ ಹೋಗಬಹುದು. ಮಾಡಬೇಕಾದದ್ದು ಇಷ್ಟು: ಹಾವಿನಿಂದ ದೂರ ಸರಿಯುವುದು, ಉಂಗುರ, ವಾಚು ಬಿಚ್ಚುವುದು, ಕಡಿದ ಭಾಗ ಅಲುಗಾಡದಂತೆ ಕಟ್ಟುವುದು, ಆದಷ್ಟು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಸಾಗಿಸುವುದು. ಉಳಿಸುವುದು ಅಲ್ಲಿ ಕೊಡುವ ಪ್ರತಿವಿಷ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಜನ ಹಾವು ಕಡಿತದಿಂದ ಸಾಯುತ್ತಾರೆ. ಇವರಲ್ಲಿ ಹೆಚ್ಚಿನವರು ಸಾಹಸಕ್ಕೆ ಹೋದವರಲ್ಲ, ಹೊಲದಲ್ಲಿ ಕೆಲಸ ಮಾಡುವವರು, ಅವರ ಮಕ್ಕಳು. ಆಸ್ಪತ್ರೆಗೆ ಹೋಗುವ ಮೊದಲ ಅರ್ಧ ಗಂಟೆ ಕುಯ್ಯುವುದು, ಕಟ್ಟುವುದರಲ್ಲಿ ಕಳೆದರೆ ಅದರ ಬೆಲೆ ಎಷ್ಟು ಎಂದು ಯೋಚಿಸಿ. ಬಾಲ ಹಿಡಿದು ಹಾವನ್ನು ಎತ್ತಿ ಕ್ಯಾಮೆರಾಗೆ ತೋರಿಸುವ ಚಟವನ್ನೂ ಬಿಟ್ಟರೆ ಚೆನ್ನ.

ಕಾಲಿಟ್ಟರೆ ಹೂತುಹೋಗುವ ನೀರು ತುಂಬಿದ ಉಸುಕಿನ ಬಗ್ಗೆ ಒಂದೇ ಮಾತು. ಉಸುಕಿನಲ್ಲಿ ತಲೆಯವರೆಗೂ ಮುಳುಗಿಹೋಗುವ ದೃಶ್ಯ ಬರೀ ಕತೆ. ಅದರ ಸಾಂದ್ರತೆ ಮನುಷ್ಯನ ಮೈಗಿಂತ ಸುಮಾರು ಎರಡು ಪಟ್ಟು, ಹಾಗಾಗಿ ಸೊಂಟದ ಹತ್ತಿರ ನಿಲ್ಲುತ್ತೇವೆ. ಕಾಲು ಸಿಕ್ಕಿಕೊಂಡಾಗ ಉಬ್ಬರದ ನೀರು ಏರಿದರೆ ಅಪಾಯ.

ಈಗ ದಿಕ್ಕಿಗೆ ಬರೋಣ, ಏಕೆಂದರೆ ಅತಿ ದೊಡ್ಡ ತಪ್ಪು ಇಲ್ಲಿದೆ. ನಿಮ್ಮ ನಿರೂಪಕ ಮರದ ಪಾಚಿ ನೋಡಿ 'ಇದು ಉತ್ತರ' ಎನ್ನುತ್ತಾನೆ. ಪಾಚಿಗೆ ದಿಕ್ಕು ಗೊತ್ತಿಲ್ಲ, ತೇವ ಮತ್ತು ನೆರಳು ಗೊತ್ತು. ದಟ್ಟ ಕಾಡಿನಲ್ಲಿ ಅದು ಮರದ ಸುತ್ತಲೂ ಬೆಳೆದಿರುತ್ತದೆ. ಆದರೂ ಅವನು ನಂಬಿಕೆಯಿಂದ ಹೆಜ್ಜೆ ಹಾಕುತ್ತಾನೆ, ಎರಡು ದೃಶ್ಯದಲ್ಲಿ ರಸ್ತೆ ಸಿಗುತ್ತದೆ. ಜರ್ಮನಿಯ ಟ್ಯೂಬಿಂಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜರ್ಮನಿಯ ಕಾಡಿನಲ್ಲಿ, ಟ್ಯುನೀಷಿಯಾದ ಸಹಾರಾದಲ್ಲಿ ಜನರನ್ನು ನೇರವಾಗಿ ನಡೆಯಲು ಹೇಳಿ ಅವರ ಜಾಡನ್ನು ಜಿಪಿಎಸ್‌ನಿಂದ ಗುರುತಿಸಿದರು. ಸೂರ್ಯ ಕಾಣುತ್ತಿದ್ದಾಗ ಹೆಚ್ಚುಕಡಿಮೆ ನೇರವಾಗಿಯೇ ನಡೆದರು. ಮೋಡ ಮುಚ್ಚಿದ ಕಾಡಿನಲ್ಲಿ ಸುತ್ತು ಹಾಕಿ ತಾವು ಬಂದ ದಾರಿಯನ್ನೇ ದಾಟಿದರು, ಅದು ಅವರ ಗಮನಕ್ಕೇ ಬರಲಿಲ್ಲ. ಕಣ್ಣು ಕಟ್ಟಿ ಬಿಟ್ಟಾಗ ಕೆಲವರು 20 ಮೀಟರಿನಷ್ಟು ಚಿಕ್ಕ ವೃತ್ತದಲ್ಲಿ ತಿರುಗಿದರು. 'ನೇರವಾಗಿ ನಡೆದರೆ ಎಲ್ಲಾದರೂ ಹೊರಗೆ ಬರುತ್ತೇನೆ' ಎಂಬ ಧೈರ್ಯ ನಮ್ಮ ಮೆದುಳು ನಮಗೆ ಮಾಡುವ ಮೋಸ.

'ಹೊಳೆ ಹಿಡಿದು ಕೆಳಗೆ ಇಳಿ' ಎಂಬುದು ನಿಮ್ಮ ಇನ್ನೊಂದು ಅಚ್ಚುಮೆಚ್ಚಿನ ಪಾಠ. ಅದು ಕೆಲಸ ಮಾಡಿದ ಉದಾಹರಣೆಯೂ ಇದೆ. 1971ರ ಡಿಸೆಂಬರ್ 24ರಂದು ಪೆರುವಿನ ಕಾಡಿನ ಮೇಲೆ ವಿಮಾನ ಒಡೆದು ಬಿದ್ದಾಗ 17 ವರ್ಷದ ಯೂಲಿಯಾನೆ ಕೋಪ್ಕೆ ಒಬ್ಬಳೇ ಬದುಕಿದಳು. ತೊರೆಯ ಜಾಡು ಹಿಡಿದು 11 ದಿನ ಕಳೆದ ಮೇಲೆ ಮರ ಕಡಿಯುವವರ ಕಣ್ಣಿಗೆ ಬಿದ್ದಳು. ಆದರೆ ಅವಳ ತಂದೆ ತಾಯಿ ಪ್ರಾಣಿವಿಜ್ಞಾನಿಗಳು, ಅವಳು ಅದೇ ಕಾಡಿನ ಸಂಶೋಧನಾ ಕೇಂದ್ರದಲ್ಲಿ ಅವರ ಜೊತೆ ಕೆಲಕಾಲ ಇದ್ದವಳು. ಆ ಕಾಡಿನಲ್ಲಿ ಜನ ಇರುವುದು ನದಿಯ ದಂಡೆಯಲ್ಲೇ ಎಂದು ಅವಳಿಗೆ ಗೊತ್ತಿತ್ತು. ನೀರಿನಲ್ಲಿ ಹೆಜ್ಜೆ ಇಡುವ ಮುಂಚೆ ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನಿಗೆ ಹೆದರಿ ಕೋಲಿನಿಂದ ನೆಲ ತಟ್ಟುತ್ತಿದ್ದಳು. ಬೇಟೆ ಗೀಟೆ ಏನೂ ಆಡಲಿಲ್ಲ, ತಿಂದದ್ದು ವಿಮಾನದಿಂದ ಬಿದ್ದ ಒಂದಿಷ್ಟು ಮಿಠಾಯಿ. ಇದೇ ಸೂತ್ರ ಹಿಡಿದು ಕಡಿದಾದ ಬೆಟ್ಟದಲ್ಲಿ ತೊರೆ ಇಳಿದವರು ಜಲಪಾತದ ನೆತ್ತಿಗೆ ಬಂದು ನಿಲ್ಲುತ್ತಾರೆ. ಜಾರುವ ಬಂಡೆ, ಹಿಂದೆ ಹತ್ತಲು ಆಗದ ಇಳಿಜಾರು, ಕೂಗಿದರೆ ನೀರಿನ ಸದ್ದಿಗೆ ಕೇಳಿಸುವುದೂ ಇಲ್ಲ. ಯಾವ ನೆಲಕ್ಕೆ ಯಾವ ಪಾಠ ಎಂದು ಹೇಳದೆ ಬರೀ 'ಹೊಳೆ ಹಿಡಿ' ಎಂದರೆ ಅರ್ಧ ಔಷಧಿಯ ಹೆಸರು ಹೇಳಿದ ಹಾಗೆ.

ದಾರಿ ತಪ್ಪಿದ್ದು ಗೊತ್ತಾದ ಕೂಡಲೇ ನಿಲ್ಲಬೇಕು, ಅಲ್ಲೇ ಇರಬೇಕು. ಹುಡುಕುವ ತಂಡಗಳವರು ದಶಕಗಳಿಂದ ಹೇಳುತ್ತಿರುವುದು ಇದನ್ನೇ. ಲೆಕ್ಕ ಹಾಕಿ ನೋಡಿ. ಒಬ್ಬರು ಕೊನೆಯ ಸಲ ಕಂಡ ಜಾಗದಿಂದ ಒಂದು ಕಿಲೋಮೀಟರ್ ಒಳಗೆ ಇದ್ದಾರೆ ಎಂದರೆ ಹುಡುಕಬೇಕಾದದ್ದು ಸುಮಾರು 3 ಚದರ ಕಿಲೋಮೀಟರ್. ಅವರು ಯಾವ ದಿಕ್ಕಿಗೋ ಮೂರು ಕಿಲೋಮೀಟರ್ ನಡೆದರೆ ಅದು 28 ಚದರ ಕಿಲೋಮೀಟರ್ ಆಗುತ್ತದೆ. ಅಂದರೆ ಮುಕ್ಕಾಲು ಗಂಟೆಯ ನಡಿಗೆಯಲ್ಲಿ ಹುಡುಕುವವರ ಕೆಲಸ ಒಂಬತ್ತು ಪಟ್ಟು. 1981ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ದಾರಿ ತಪ್ಪಿ ತೀರಿಕೊಂಡ. ಅವನನ್ನು ಹುಡುಕಿದವರು ಆಮೇಲೆ 'ಹಗ್ ಎ ಟ್ರೀ' ಎಂಬ ಕಾರ್ಯಕ್ರಮ ಶುರು ಮಾಡಿದರು. ಮಕ್ಕಳಿಗೆ ಅವರು ಕಲಿಸುವುದು ತುಂಬ ಸರಳ: ದಾರಿ ತಪ್ಪಿದರೆ ಒಂದು ಮರವನ್ನು ತಬ್ಬಿಕೊಂಡು ಅಲ್ಲೇ ಇರು.

2023ರಲ್ಲಿ ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನ ಬಿದ್ದು, ನಾಲ್ಕು ಮಕ್ಕಳು 40 ದಿನ ಬದುಕಿ ಉಳಿದ ಸುದ್ದಿ ನಿಮಗೆ ನೆನಪಿರಬಹುದು. ದೊಡ್ಡವಳಿಗೆ 13 ವರ್ಷ, ಬಿದ್ದ ದಿನ ಕೊನೆಯ ಮಗುವಿಗೆ 11 ತಿಂಗಳು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು, ಗುರುತು ಗೊತ್ತಿದ್ದ ಕಾಡಿನ ಹಣ್ಣುಬೀಜ ತಿಂದು ಬದುಕಿದರು. ಯಾವ ಹಣ್ಣು ತಿನ್ನಬಹುದು ಎಂಬ ಆ ತಿಳಿವಳಿಕೆ ಅವರ ಸಮುದಾಯದಿಂದ, ಹಿರಿಯರಿಂದ ಬಂದದ್ದು. ಒಂದು ಕಂತಿನಲ್ಲಿ ಕಲಿಸಿ ಮುಗಿಸುವಂಥದ್ದಲ್ಲ. ಸೇನೆಯವರು ಹೆಲಿಕಾಪ್ಟರಿನಿಂದ ಊಟದ ಪೊಟ್ಟಣ, ಸೀಟಿಗಳನ್ನು ಎಸೆದರು. ಜೊತೆಗೆ ಆ ಮಕ್ಕಳ ಅಜ್ಜಿಯ ಧ್ವನಿಯನ್ನು ಅವರದೇ ಭಾಷೆಯಲ್ಲಿ ರೆಕಾರ್ಡ್ ಮಾಡಿ ಧ್ವನಿವರ್ಧಕದಲ್ಲಿ ಕೇಳಿಸಿದರು. ಅಜ್ಜಿ ಹೇಳಿದ್ದು, ಓಡಾಡಬೇಡಿ, ಒಂದೇ ಕಡೆ ಇರಿ ಎಂದು.

ಸಿಗುವ ಹಾಗೆ ಮಾಡಿಕೊಳ್ಳುವ ವಿದ್ಯೆಗೆ ನೀವು ಎಷ್ಟು ನಿಮಿಷ ಕೊಟ್ಟಿದ್ದೀರಿ? ಮೂರು ಸಲ ಸೀಟಿ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ಗಂಟಲು ಹರಿದುಹೋಗುತ್ತದೆ, ಸೀಟಿ ಹಾಗಲ್ಲ. ಸಣ್ಣ ಕನ್ನಡಿಯ ಹೊಳಪು ಬಿಸಿಲಿದ್ದರೆ ಹಲವಾರು ಕಿಲೋಮೀಟರ್ ದೂರದ ವಿಮಾನಕ್ಕೆ ಕಾಣುತ್ತದೆ. 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ (ಅಪಾಯದ ಸಂಕೇತ ಕಳಿಸುವ ಸಣ್ಣ ಸಾಧನ) ಒತ್ತಿದರೆ ಕಾಸ್ಪಾಸ್-ಸಾರ್ಸಾಟ್ ಉಪಗ್ರಹಗಳ ಮೂಲಕ ಸುದ್ದಿ ಹೋಗುತ್ತದೆ. ಶೀತಲ ಸಮರದ ಕಾಲದಲ್ಲೂ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ ಕಟ್ಟಿದ ವ್ಯವಸ್ಥೆ ಅದು. 1982ರಿಂದ ಜನರನ್ನು ಉಳಿಸುತ್ತಾ ಬಂದಿದೆ. ನನಗಂತೂ ಇದು ಮೊಸಳೆ ಜೊತೆಗಿನ ಕುಸ್ತಿಗಿಂತ ರೋಚಕ ಕತೆ. ಎಲ್ಲಕ್ಕಿಂತ ಮೊದಲು, ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಯಾರಿಗಾದರೂ ಹೇಳಿ ಹೋಗುವುದು. 2003ರಲ್ಲಿ ಯೂಟಾದ ಕಣಿವೆಯಲ್ಲಿ ಕೈ ಬಂಡೆಗೆ ಸಿಕ್ಕಿಕೊಂಡು, ಕೊನೆಗೆ ತನ್ನ ತೋಳನ್ನೇ ಕತ್ತರಿಸಿ ಹೊರಬಂದ ಆರನ್ ರಾಲ್‌ಸ್ಟನ್ ಬಗ್ಗೆ ಎಲ್ಲರಿಗೂ ಗೊತ್ತು. ಅವರು ಎಲ್ಲಿಗೆ ಹೋಗಿದ್ದಾರೆ ಎಂದು ಯಾರಿಗೂ ಹೇಳಿರಲಿಲ್ಲ ಎಂಬುದು ಎಷ್ಟು ಜನರಿಗೆ ಗೊತ್ತು?

ಎಲ್ಲರೂ ಒಂದೇ ಎಂದು ನಾನು ಹೇಳುವುದಿಲ್ಲ. ಕೆನಡಾದ ಲೆಸ್ ಸ್ಟ್ರೌಡ್ 'ಸರ್ವೈವರ್‌ಮ್ಯಾನ್'ನಲ್ಲಿ ತಾವೇ ಕ್ಯಾಮೆರಾ ಹೊತ್ತು, ತಾವೇ ಇಟ್ಟು, ಮುಂದೆ ನಡೆದು, ಮತ್ತೆ ಹಿಂದೆ ಬಂದು ಕ್ಯಾಮೆರಾ ತೆಗೆದುಕೊಂಡು ಹೋಗುತ್ತಿದ್ದರು. ಬೆಂಕಿ ಹತ್ತದಿದ್ದರೆ ಹತ್ತಲಿಲ್ಲ ಎಂದೇ ತೋರಿಸುತ್ತಿದ್ದರು. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಚಿತ್ರೀಕರಿಸಿ 2015ರಲ್ಲಿ ಪ್ರಸಾರವಾದ 'ಅಲೋನ್'ನ ಮೊದಲ ಸರಣಿಯಲ್ಲಿ ಗೆದ್ದವರು ಉಳಿದದ್ದು 56 ದಿನ. ಕೆಲವರು ಮೊದಲ ಕೆಲವೇ ದಿನಗಳಲ್ಲಿ ಕರಡಿಗೆ ಹೆದರಿ, ಒಂಟಿತನಕ್ಕೆ ಸೋತು ಫೋನ್ ಮಾಡಿ ಹೊರಬಂದರು. ಅಲ್ಲಿ ಬೇಟೆಯ ವೀರಾವೇಶ ಕಡಿಮೆ, ತೂಕ ಇಳಿಯುತ್ತಾ ಹೋಗುವುದೇ ಹೆಚ್ಚು. ಇಳಿದದ್ದು ಅತಿಯಾದರೆ ವೈದ್ಯರು ಬಲವಂತವಾಗಿ ಹೊರಗೆ ಕರೆಯುತ್ತಾರೆ. ಪರಿಣತರೇ ಹೀಗೆ ಹಸಿದು ಸೊರಗುತ್ತಾರೆ ಎಂದು ತೋರಿಸಿದರೂ ಜನ ನೋಡಿದರು, ಸರಣಿಯ ಮೇಲೆ ಸರಣಿ ಬಂತು. ಹಾಗಾಗಿ 'ನಿಜ ತೋರಿಸಿದರೆ ಯಾರೂ ನೋಡುವುದಿಲ್ಲ' ಎಂಬ ನಿಮ್ಮ ಹಳೆಯ ನೆಪ ಈಗ ನಡೆಯುವುದಿಲ್ಲ.

ಚಿತ್ರೀಕರಣ ನಿಮಗೂ ಅಪಾಯವೇ. 2015ರ ಮಾರ್ಚ್‌ನಲ್ಲಿ ಫ್ರೆಂಚ್ ಚಾನೆಲ್ ಒಂದರ 'ಡ್ರಾಪ್ಡ್' ಎಂಬ ಸರ್ವೈವಲ್ ಶೋಗಾಗಿ ಅರ್ಜೆಂಟೀನಾದಲ್ಲಿ ಚಿತ್ರೀಕರಿಸುವಾಗ ಎರಡು ಹೆಲಿಕಾಪ್ಟರುಗಳು ಡಿಕ್ಕಿಯಾಗಿ 10 ಜನ ತೀರಿಕೊಂಡರು. ಅವರಲ್ಲಿ ಒಲಿಂಪಿಕ್ಸ್ ಪದಕ ಗೆದ್ದವರಿದ್ದರು, ಸಾಗರಗಳನ್ನು ಒಂಟಿಯಾಗಿ ದಾಟಿದ ನಾವಿಕಳಿದ್ದಳು, ತಂಡದ ಕೆಲಸಗಾರರಿದ್ದರು. ಆದ್ದರಿಂದ ಹಗ್ಗ, ವೈದ್ಯ, ರಕ್ಷಣಾ ತಂಡ ಇಟ್ಟುಕೊಂಡದ್ದಕ್ಕೆ ನಿಮ್ಮನ್ನು ಹಂಗಿಸುವವರ ಜೊತೆ ನಾನು ಸೇರುವುದಿಲ್ಲ. ಇನ್ನೂ ಜಾಸ್ತಿ ಇಟ್ಟುಕೊಳ್ಳಿ. ಅವರನ್ನು ಪರದೆಯ ಮೇಲೂ ತನ್ನಿ. ನಿರೂಪಕ ಬಂಡೆ ಇಳಿಯುವಾಗ ಮೇಲೆ ಹಗ್ಗ ಹಿಡಿದವರನ್ನು ತೋರಿಸಿದರೆ, ಹಗ್ಗ ಇಲ್ಲದೆ ಇಳಿಯಬಾರದು ಎಂಬುದು ಮಾತಿಲ್ಲದೆ ಗೊತ್ತಾಗುತ್ತದೆ.

'ಇದನ್ನು ನೀವು ಪ್ರಯತ್ನಿಸಬೇಡಿ' ಎಂದು ಶುರುವಿನಲ್ಲಿ ಎರಡು ಸೆಕೆಂಡು ಬರುವ ಅಕ್ಷರಗಳಿಂದ ಏನೂ ಆಗುವುದಿಲ್ಲ. ಯಾವುದನ್ನು ಪ್ರಯತ್ನಿಸಬಾರದು? ನೀರು ಕುದಿಸುವುದನ್ನಾ, ಜಲಪಾತದಿಂದ ಹಾರುವುದನ್ನಾ? ಅಪಾಯದ ದೃಶ್ಯ ಬಂದ ಜಾಗದಲ್ಲೇ, ಅದು ಯಾಕೆ ಅಪಾಯ ಎಂದು ನಿರೂಪಕನ ಬಾಯಿಂದಲೇ ಹೇಳಿಸಿ. ಬೆಂಕಿ ಎಷ್ಟನೇ ಪ್ರಯತ್ನಕ್ಕೆ ಹತ್ತಿತು, ಎಷ್ಟು ಗಂಟೆ ಹಿಡಿಯಿತು ಎಂದು ಪರದೆಯ ಮೂಲೆಯಲ್ಲಿ ಹಾಕಿ. ಚಿತ್ರೀಕರಣ ಮುಗಿದು ಒಂದು ತಿಂಗಳಾದ ಮೇಲೆ ತಂಡದಲ್ಲಿ ಯಾರಿಗೆ ಏನು ಕಾಯಿಲೆ ಬಂತು ಎಂಬುದನ್ನೂ ಕಂತಿನ ಕೊನೆಗೆ ಸೇರಿಸಿ. ಕತೆ ಬರೆಯುವ ಹಂತದಲ್ಲೇ ಹುಡುಕುವ ತಂಡದ ಒಬ್ಬರು, ತುರ್ತು ಚಿಕಿತ್ಸೆಯ ವೈದ್ಯರೊಬ್ಬರು ಜೊತೆಗೆ ಕೂರಲಿ. 'ಇದು ಬೇಡ' ಎಂದು ಅವರು ಹೇಳಿದರೆ ಆ ದೃಶ್ಯ ಬೇಡ, ಅಷ್ಟೇ.

ಹೊಸ ಕಂತುಗಳಿಗೆ ಸಮಯ ಬೇಕು, ಗೊತ್ತು. ಆದರೆ ಹಳೆಯ ಕಂತುಗಳು ಬೇರೆ ಬೇರೆ ಭಾಷೆಗೆ ಡಬ್ ಆಗಿ ಇವತ್ತಿಗೂ ಮತ್ತೆ ಮತ್ತೆ ಪ್ರಸಾರವಾಗುತ್ತಿವೆ, ತುಣುಕುಗಳಾಗಿ ಮೊಬೈಲಿನಲ್ಲಿ ಓಡಾಡುತ್ತಿವೆ. ಅವುಗಳನ್ನು ಸರಿಪಡಿಸಲು ಹೊಸ ಚಿತ್ರೀಕರಣ ಬೇಕಿಲ್ಲ. ಯಾವುದರಿಂದ ಶುರು ಮಾಡಬೇಕು ಎಂದು ಕೇಳಿದರೆ, ಹಾವು ಕಡಿತಕ್ಕೆ ಕುಯ್ದು ಹೀರುವ ದೃಶ್ಯ ಇರುವ ಪ್ರತಿಯೊಂದು ಕಂತನ್ನೂ ಮೊದಲು ಹುಡುಕಿ ತೆಗೆಯಿರಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ಇಂತಿ,
ನಿಮ್ಮ ಕಾರ್ಯಕ್ರಮಗಳ ಒಬ್ಬ ಪ್ರೇಕ್ಷಕ